ಪರ್ಸಿವಂಟ್ ಅಂದ್ರೆ ಯಾರು? ಲಾಂಛನ ಇಲಾಖೆಯ ಕಿರಿಯ ಅಧಿಕಾರಿಗಳನ್ನು ಗುರುತಿಸುವುದು, ಅವರಿಂದ ಕೆಲಸ ಮಾಡಿಸಿಕೊಳ್ಳುವುದು ಹೇಗೆ

2023ರ ಮೇ 6ರಂದು ಮೂರನೇ ಚಾರ್ಲ್ಸ್ ದೊರೆಗೆ ಪಟ್ಟಾಭಿಷೇಕ ಆಯಿತು. ಅದರ ವಿಡಿಯೊ ನೋಡಿದವರ ಕಣ್ಣಿಗೆ ಒಂದು ಗುಂಪು ಬಿದ್ದೇ ಇರುತ್ತದೆ. ಮೈತುಂಬ ಸಿಂಹ, ವೀಣೆಯಂಥ ವಾದ್ಯ, ಕೆಂಪು, ನೀಲಿ, ಚಿನ್ನದ ಬಣ್ಣ ತುಂಬಿದ ಗಡುಸಾದ ಅಂಗಿ ತೊಟ್ಟು ಸಾಲಾಗಿ ನಡೆದವರು. ಇವರೇ ಲಾಂಛನದ ಅಧಿಕಾರಿಗಳು. ಯಾರಿಗೆ ಯಾವ ಲಾಂಛನ, ಅದರ ಗುರಾಣಿಯ ಮೇಲೆ ಏನಿರಬೇಕು, ರಾಜನ ಮೆರವಣಿಗೆಯಲ್ಲಿ ಯಾರ ಹಿಂದೆ ಯಾರು ನಡೆಯಬೇಕು, ಇದನ್ನೆಲ್ಲ ನೋಡಿಕೊಳ್ಳುವವರು.

ಇವರಲ್ಲಿ ಅತಿ ಕಿರಿಯರನ್ನು ಪರ್ಸಿವಂಟ್ ಅನ್ನುತ್ತಾರೆ. ಬಿರುದುಗಳೋ ಭಾರೀ ಜೋರು: ರೂಜ್ ಡ್ರಾಗನ್, ರೂಜ್ ಕ್ರ್ವಾ, ಬ್ಲೂಮ್ಯಾಂಟಲ್, ಪೋರ್ಟ್‌ಕಲಿಸ್. ಅಧಿಕಾರ ಮಾತ್ರ ಕಡಿಮೆ. ಆದರೆ ಹೊರಗಿನವರು ಒಂದು ಲಾಂಛನದ ವಿಚಾರ ಕೇಳಿಕೊಂಡು ಹೋದಾಗ, ಅವರ ಕಾಗದ ಬಂದು ಕೂರುವುದು ಎಷ್ಟೋ ಸಲ ಇಂಥ ಕಿರಿಯರ ಮೇಜಿನ ಮೇಲೇ. ಹಾಗಾಗಿ ಇವರನ್ನು ಸರಿಯಾಗಿ ತಿಳಿದುಕೊಂಡಿದ್ದರೆ ಮೂರು ಕಡೆ ಉಪಯೋಗ. ಸಮಾರಂಭ ನೋಡುವಾಗ, ಹಳೆಯ ಇತಿಹಾಸ ಓದುವಾಗ, ಮತ್ತೆ ಬ್ರಿಟನ್ನಿನಲ್ಲಿ ನೆಲೆಸಿದ ನಮ್ಮವರು ಲಾಂಛನ ಕೇಳಲು ಹೊರಟಾಗ.

ಮೊದಲು ಮೂರು ಮೆಟ್ಟಿಲು ತಿಳಿಯಿರಿ

ಇಂಗ್ಲೆಂಡಿನ ವಿಷಯದಿಂದ ಶುರು ಮಾಡಿ. ಅದೇ ಸುಲಭ. ಅಲ್ಲಿನ ಸಂಸ್ಥೆಯ ಹೆಸರು ಕಾಲೇಜ್ ಆಫ್ ಆರ್ಮ್ಸ್. ಹೆಸರಲ್ಲಿ ಕಾಲೇಜ್ ಇದೆ ಅಂತ ಪಾಠ, ಪರೀಕ್ಷೆ ಹುಡುಕಬೇಡಿ. ಇದು ಅಧಿಕಾರಿಗಳ ಸಂಘ. 1484ರಲ್ಲಿ ಮೂರನೇ ರಿಚರ್ಡ್ ದೊರೆ ಇದಕ್ಕೆ ಮೊದಲ ಸನ್ನದು ಕೊಟ್ಟ. ಈಗ ನಡೆಯುತ್ತಿರುವುದು 1555ರ ಸನ್ನದಿನ ಮೇಲೆ. ಕಟ್ಟಡ ಲಂಡನ್ನಿನ ಕ್ವೀನ್ ವಿಕ್ಟೋರಿಯಾ ರಸ್ತೆಯಲ್ಲಿದೆ, ಸೇಂಟ್ ಪಾಲ್ಸ್ ಕೆಥೀಡ್ರಲ್ಲಿನ ದಕ್ಷಿಣಕ್ಕೆ. ಹಳೆಯದು 1666ರ ಮಹಾಬೆಂಕಿಯಲ್ಲಿ ಸುಟ್ಟುಹೋಗಿ, ಆಮೇಲೆ ಕಟ್ಟಿದ್ದು.

ಕಾಯಂ ಅಧಿಕಾರಿಗಳು ಒಟ್ಟು 13. ಮೇಲಿನ ಮೆಟ್ಟಿಲಲ್ಲಿ 3 ಜನ ಕಿಂಗ್ ಆಫ್ ಆರ್ಮ್ಸ್: ಗಾರ್ಟರ್, ಕ್ಲಾರೆನ್ಸೊ, ನಾರಾಯ್ ಮತ್ತು ಅಲ್‌ಸ್ಟರ್. ಈ ‘ಕಿಂಗ್’ ರಾಜನಲ್ಲ, ಹುದ್ದೆಯ ಹೆಸರಷ್ಟೆ. ನಡುವೆ 6 ಹೆರಾಲ್ಡ್‌ಗಳು: ವಿಂಡ್ಸರ್, ಸಾಮರ್ಸೆಟ್, ರಿಚ್ಮಂಡ್, ಯಾರ್ಕ್, ಚೆಸ್ಟರ್, ಲ್ಯಾಂಕಾಸ್ಟರ್. ಕೆಳಗೆ ಆಗಲೇ ಹೆಸರಿಸಿದ 4 ಪರ್ಸಿವಂಟ್‌ಗಳು. ಇವರೆಲ್ಲರ ಮೇಲೆ ಅರ್ಲ್ ಮಾರ್ಷಲ್. ಆ ಪದವಿ ವಂಶಪಾರಂಪರ್ಯವಾಗಿ ನಾರ್ಫೊಕ್ ಡ್ಯೂಕ್ ಮನೆತನದ್ದು. ಪರ್ಸಿವಂಟನ್ನು ಆರಿಸಿ ಹೆಸರು ಸೂಚಿಸುವುದು ಅವರು, ನೇಮಕ ಮಾಡುವುದು ದೊರೆ.

ಸಂಬಳದ ಕಥೆ ಕೇಳಿದರೆ ನಗು ಬರುತ್ತದೆ. ದೊರೆಯ ಕಡೆಯಿಂದ ಒಬ್ಬ ಪರ್ಸಿವಂಟಿಗೆ ಸಿಗುವುದು ವರ್ಷಕ್ಕೆ 13 ಪೌಂಡ್ 95 ಪೆನ್ಸ್. ತಿಂಗಳಿಗಲ್ಲ, ವರ್ಷಕ್ಕೆ! ನಾಲ್ಕನೇ ವಿಲಿಯಂ ಕಾಲದಲ್ಲಿ, ಅಂದರೆ 1830ರ ದಶಕದಲ್ಲಿ, ಗೊತ್ತು ಮಾಡಿದ ಮೊತ್ತ ಅದು. ಹೆರಾಲ್ಡಿಗೆ 17 ಪೌಂಡ್ 80 ಪೆನ್ಸ್. ಮತ್ತೆ ಹೊಟ್ಟೆಪಾಡು? ಪ್ರತಿಯೊಬ್ಬರಿಗೂ ಸ್ವಂತ ಕಕ್ಷಿಗಾರರಿರುತ್ತಾರೆ. ವಂಶಾವಳಿ ಹುಡುಕಿಕೊಡುವುದು, ಹೊಸ ಲಾಂಛನ ಮಾಡಿಸಿಕೊಡುವುದು, ಇವುಗಳ ಫೀಸಿನ ಮೇಲೇ ಜೀವನ. ಈ ಅಂಶ ನೆನಪಿಟ್ಟುಕೊಳ್ಳಿ, ಮುಂದೆ ಅರ್ಜಿ ಹಾಕುವಾಗ ಬೇಕಾಗುತ್ತದೆ.

ವಿಡಿಯೊದಲ್ಲಿ ಗುರುತಿಸುವುದು

ಆ ಚಿತ್ರದ ಅಂಗಿಗೆ ಟ್ಯಾಬರ್ಡ್ ಅನ್ನುತ್ತಾರೆ. ಎದೆ, ಬೆನ್ನು, ಎರಡು ತೋಳು, ನಾಲ್ಕೂ ಕಡೆ ದೊರೆಯ ಲಾಂಛನವೇ ಇರುತ್ತದೆ. ದೂರದಿಂದ ಎಲ್ಲರದೂ ಒಂದೇ ಥರ. ವ್ಯತ್ಯಾಸ ಇರುವುದು ಬಟ್ಟೆಯಲ್ಲಿ. ಕಿಂಗ್ ಆಫ್ ಆರ್ಮ್ಸ್‌ನದು ಮಖಮಲ್, ಹೆರಾಲ್ಡಿನದು ಸ್ಯಾಟಿನ್, ಪರ್ಸಿವಂಟಿನದು ಡಮಾಸ್ಕ್ ರೇಷ್ಮೆ, ಅಂದರೆ ನೇಯ್ಗೆಯಲ್ಲೇ ಹೂಬಳ್ಳಿ ಮೂಡಿಸಿದ ರೇಷ್ಮೆ. ಫೋನಿನ ಪರದೆ ಮೇಲೆ ಇದು ಕಾಣುವುದಿಲ್ಲ ಬಿಡಿ. ಒಳ್ಳೆ ಫೋಟೊ ದೊಡ್ಡದು ಮಾಡಿ ನೋಡಿದರೆ ಮಖಮಲ್ ಮಾತ್ರ ಬೇರೆ ಅಂತ ಗೊತ್ತಾಗಬಹುದು.

ಅದಕ್ಕಿಂತ ಸುಲಭದ ಗುರುತು ಕೊರಳಲ್ಲಿದೆ. ಎಸ್ ಅಕ್ಷರದ ಕೊಂಡಿಗಳನ್ನು ಜೋಡಿಸಿ ಮಾಡಿದ ಸರ ಭುಜದ ಮೇಲೆ ಇದೆಯಾ ನೋಡಿ. ಹೆರಾಲ್ಡಿಗೆ ಅದು ಬೆಳ್ಳಿಯದು, ಕಿಂಗ್ ಆಫ್ ಆರ್ಮ್ಸ್‌ಗೆ ಬೆಳ್ಳಿಯ ಮೇಲೆ ಚಿನ್ನದ ನೀರು ಕೊಟ್ಟದ್ದು. ಪರ್ಸಿವಂಟಿಗೆ ಈ ಸರ ಇಲ್ಲ. ಸಂಸತ್ತಿನ ಆರಂಭೋತ್ಸವದಂಥ ದಿನ ಹಿರಿಯರು ಸರ ಹಾಕಿಕೊಂಡು ನಡೆಯುವಾಗ, ಟ್ಯಾಬರ್ಡ್ ಇದ್ದೂ ಸರ ಇಲ್ಲದವರು ಕಂಡರೆ ಕಿರಿಯರು ಅಂತ ಲೆಕ್ಕ. ಪಟ್ಟಾಭಿಷೇಕದಲ್ಲಿ ಕಿರೀಟ ಇಡುವ ಹಕ್ಕೂ ಕಿಂಗ್ ಆಫ್ ಆರ್ಮ್ಸ್‌ಗೆ ಮಾತ್ರ.

ನಡೆಯುವ ಜಾಗವನ್ನೂ ನೋಡಿ. ಇಂಥ ಮೆರವಣಿಗೆಗಳಲ್ಲಿ ಕಿರಿಯರು ಮುಂದೆ, ಹಿರಿಯರು ಹಿಂದೆ. ದೊರೆಗೆ ಹತ್ತಿರವಾದಷ್ಟೂ ದರ್ಜೆ ದೊಡ್ಡದು. ಮೊದಲು ಕಾಣಿಸಿಕೊಂಡವರೇ ದೊಡ್ಡವರು ಅಂತ ತಿಳಿದರೆ ಲೆಕ್ಕ ತಲೆಕೆಳಗಾಗುತ್ತದೆ.

ಹಳೆಯ ವರ್ಣಚಿತ್ರಗಳನ್ನು ನೋಡುವವರಿಗೆ ಇನ್ನೊಂದು ಸೂಚನೆ. ಟ್ಯಾಬರ್ಡನ್ನು ಅಡ್ಡಡ್ಡ ತೊಟ್ಟ ವ್ಯಕ್ತಿ ಅಲ್ಲಿ ಕಾಣಬಹುದು. ತೋಳಿನ ಚಿಕ್ಕ ತುಂಡುಗಳು ಎದೆ, ಬೆನ್ನಿನ ಮೇಲಿರುತ್ತವೆ. ಉದ್ದ ತುಂಡುಗಳು ಕೈಗಳ ಮೇಲೆ ಇಳಿಬಿದ್ದಿರುತ್ತವೆ. ಚಿತ್ರಕಾರ ಎಡವಿದ್ದಲ್ಲ ಅದು. ಆಗ ಪರ್ಸಿವಂಟ್ ಹಾಗೇ ತೊಡಬೇಕಿತ್ತು. ಹೆರಾಲ್ಡ್ ಆಗಿ ಬಡ್ತಿ ಸಿಕ್ಕಾಗ ಅಂಗಿಯನ್ನು ತಿರುಗಿಸಿ ನೇರ ಮಾಡುತ್ತಿದ್ದರು. 17ನೇ ಶತಮಾನ ಮುಗಿಯುವ ಹೊತ್ತಿಗೆ ಈ ಪದ್ಧತಿ ನಿಂತಿತು. ನನಗಂತೂ ಇದು ನಿಂತಿದ್ದು ಬೇಜಾರೇ. ದೂರದಿಂದಲೇ ದರ್ಜೆ ತಿಳಿಯಲು ಇದಕ್ಕಿಂತ ಒಳ್ಳೆ ಉಪಾಯ ಯಾವುದಿತ್ತು?

ಅಂಗಿಯ ಮೇಲಿನ ಚಿತ್ರದಿಂದ ದೇಶವನ್ನೂ ಹೇಳಬಹುದು. ಲಾಂಛನದ ನಾಲ್ಕು ಭಾಗಗಳಲ್ಲಿ ಮೊದಲನೆಯದರಲ್ಲಿ, ಅಂದರೆ ನೋಡುವವರ ಎಡಕ್ಕೆ ಮೇಲಿರುವುದರಲ್ಲಿ, ಒಂದರ ಕೆಳಗೊಂದು ಮೂರು ಚಿನ್ನದ ಸಿಂಹ ಇದ್ದರೆ ಇಂಗ್ಲೆಂಡಿನ ಅಧಿಕಾರಿ. ಹಿಂಗಾಲ ಮೇಲೆ ಎದ್ದು ನಿಂತ ಒಂಟಿ ಕೆಂಪು ಸಿಂಹ ಮೊದಲ ಭಾಗದಲ್ಲಿದ್ದರೆ ಸ್ಕಾಟ್ಲೆಂಡಿನವರು. ವೀಣೆಯಂತೆ ಕಂಡದ್ದು ಐರ್ಲೆಂಡಿನ ಹಾರ್ಪ್. ಅದು ಎರಡರಲ್ಲೂ ಇರುವುದರಿಂದ ಗುರುತಿಗೆ ಉಪಯೋಗವಿಲ್ಲ.

ಬಿರುದನ್ನು ಓದುವುದು

ಇದು ನನಗೆ ಇಷ್ಟದ ಭಾಗ. ಸ್ವಲ್ಪ ಹೆಚ್ಚೇ ಹೇಳುತ್ತೇನೆ.

ಪರ್ಸಿವಂಟಿನ ಬಿರುದು ಸುಮ್ನೆ ಚಂದಕ್ಕೆ ಇಟ್ಟದ್ದಲ್ಲ. ಯಾವುದೋ ರಾಜನ, ಯಾವುದೋ ಮನೆತನದ ಗುರುತು ಅದರೊಳಗಿದೆ. ಹೆರಾಲ್ಡ್‌ಗಳ ಬಿರುದುಗಳು ಊರು, ಪ್ರಾಂತ್ಯದ ಹೆಸರುಗಳು. ಇಂಗ್ಲೆಂಡಿನ ಪರ್ಸಿವಂಟ್‌ಗಳದು ಹಾಗಲ್ಲ, ಚಿಹ್ನೆಗಳ ಹೆಸರು. ಒಂದು ಊರಿನ ಹೆಸರಿದ್ದರೆ ಹೆರಾಲ್ಡ್, ಒಂದು ವಸ್ತುವೋ ಪ್ರಾಣಿಯೋ ಇದ್ದರೆ ಪರ್ಸಿವಂಟ್. ಇಂಗ್ಲೆಂಡಿನ ಕಾಯಂ ಅಧಿಕಾರಿಗಳ ಮಟ್ಟಿಗೆ ಈ ಸೂತ್ರ ತಪ್ಪುವುದಿಲ್ಲ.

ರೂಜ್ ಕ್ರ್ವಾ ಅಂದರೆ ಕೆಂಪು ಶಿಲುಬೆ. ಇಂಗ್ಲೆಂಡಿನ ಬಾವುಟದಲ್ಲಿರುವ ಸೇಂಟ್ ಜಾರ್ಜ್ ಶಿಲುಬೆಯೇ ಅದು. ನಾಲ್ಕರಲ್ಲಿ ಇದೇ ಹಳೆಯದು ಅನ್ನುವ ಮಾತಿದೆ. ಬ್ಲೂಮ್ಯಾಂಟಲ್ ಅಂದರೆ ನೀಲಿ ನಿಲುವಂಗಿ. ಗಾರ್ಟರ್ ಎಂಬ ನೈಟ್ ಪದವಿ ಪಡೆದವರು ತೊಡುವ ನೀಲಿ ನಿಲುವಂಗಿಗೂ ಇದಕ್ಕೂ ನಂಟು ಹೇಳುತ್ತಾರೆ. ಫ್ರಾನ್ಸಿನ ಲಾಂಛನದ ನೀಲಿ ಬಣ್ಣಕ್ಕೆ ನಂಟು ಹೇಳುವವರೂ ಇದ್ದಾರೆ.

ಉಳಿದೆರಡರಲ್ಲಿ ರಾಜಕೀಯ ಇದೆ. 1485ರ ಆಗಸ್ಟಿನಲ್ಲಿ ಬಾಸ್ವರ್ತ್ ಕಾಳಗ ನಡೆಯಿತು. ಕಾಲೇಜಿಗೆ ಸನ್ನದು ಕೊಟ್ಟ ಅದೇ ಮೂರನೇ ರಿಚರ್ಡ್ ಅಲ್ಲಿ ಸತ್ತ. ಅವನ ಚಿಹ್ನೆ ಬಿಳಿ ಕಾಡುಹಂದಿ. ಅವನ ಬಳಿ ಬ್ಲಾಂಕ್ ಸಾಂಗ್ಲಿಯೇ ಎಂಬ ಪರ್ಸಿವಂಟ್ ಇದ್ದ. ಬಿಳಿ ಕಾಡುಹಂದಿ ಅಂತಲೇ ಅದರ ಅರ್ಥ. ಸತ್ತ ದೊರೆಯ ಹೆಣವನ್ನು ಕುದುರೆ ಮೇಲೆ ಲೆಸ್ಟರ್‌ಗೆ ಸಾಗಿಸಿದ್ದು ಈ ಪರ್ಸಿವಂಟೇ ಎಂಬ ಕಥೆ ಪ್ರಚಾರದಲ್ಲಿದೆ. ಗೆದ್ದವನು ಏಳನೇ ಹೆನ್ರಿ. ಅವನು ವೇಲ್ಸ್ ಮೂಲದ ಟ್ಯೂಡರ್ ಮನೆತನದವನು. ತಾನು ವೇಲ್ಸಿನ ಪುರಾತನ ರಾಜ ಕ್ಯಾಡ್ವಾಲಡರನ ವಂಶ ಅಂತ ತೋರಿಸಿಕೊಳ್ಳಲು ಕೆಂಪು ಡ್ರಾಗನ್ ಹಿಡಿದಿದ್ದ. 1485ರ ಅಕ್ಟೋಬರ್ 30ರಂದು ಅವನ ಪಟ್ಟಾಭಿಷೇಕ. ಅದರ ಹಿಂದಿನ ದಿನ ರೂಜ್ ಡ್ರಾಗನ್ ಎಂಬ ಹೊಸ ಪರ್ಸಿವಂಟ್ ಹುದ್ದೆ ಹುಟ್ಟಿತು. ಪೋರ್ಟ್‌ಕಲಿಸ್ ಕೂಡ ಅವನ ಕಾಲದ್ದೇ. ಅದು ಕೋಟೆ ಬಾಗಿಲಿಗೆ ಮೇಲಿನಿಂದ ಇಳಿಬಿಡುವ ಕಬ್ಬಿಣದ ಜಾಲರಿ. ಅವನ ತಾಯಿ ಮಾರ್ಗರೆಟ್ ಬೋಫರ್ಟಳ ತವರಿನ ಗುರುತು. ಇವತ್ತು ಬ್ರಿಟನ್ ಸಂಸತ್ತಿನ ಕಾಗದಪತ್ರಗಳ ಮೇಲೆ ಕಾಣುವ ಜಾಲರಿ ಚಿಹ್ನೆಯೂ ಇದೇ.

ಕಾಡುಹಂದಿ ಹೋಯಿತು, ಡ್ರಾಗನ್ ಉಳಿಯಿತು. ಹೀಗಾಗಿ ಒಂದು ಬಿರುದು ಕಂಡಾಗ ಈ ಪ್ರಾಣಿ ಯಾರದು, ಆ ಮನುಷ್ಯ ಗೆದ್ದನಾ ಸೋತನಾ ಅಂತ ಕೇಳಿಕೊಳ್ಳಿ. ಅರ್ಧ ಇತಿಹಾಸ ತಾನಾಗಿ ಬಿಚ್ಚಿಕೊಳ್ಳುತ್ತದೆ.

ಸ್ಕಾಟ್ಲೆಂಡಿಗೆ ಬಂದರೆ ಮೇಲಿನ ಸೂತ್ರ ನಡೆಯುವುದಿಲ್ಲ. ಅಲ್ಲಿ ಎಲ್ಲರಿಗೂ ಮೇಲೆ ಲಾರ್ಡ್ ಲಯನ್. ಪರ್ಸಿವಂಟ್ ಬಿರುದುಗಳಲ್ಲಿ ಯೂನಿಕಾರ್ನ್ ಬಿಟ್ಟರೆ ಕ್ಯಾರಿಕ್, ಕಿಂಟೈರ್, ಡಿಂಗ್‌ವಾಲ್, ಬ್ಯೂಟ್, ಆರ್ಮಂಡ್ ಅಂತ ಸ್ಥಳದ ಹೆಸರುಗಳೇ ಜಾಸ್ತಿ. ಹಿಂದೆ ಆರು ಹೆರಾಲ್ಡ್, ಆರು ಪರ್ಸಿವಂಟ್ ಇದ್ದರು. 1867ರ ಕಾಯ್ದೆ ಅದನ್ನು ಮೂರು ಮೂರಕ್ಕೆ ಇಳಿಸಿತು. ಹಾಗಾಗಿ ಎಲ್ಲ ಬಿರುದುಗಳೂ ಒಟ್ಟಿಗೆ ಬಳಕೆಯಲ್ಲಿ ಇರುವುದಿಲ್ಲ.

ಕಾಯಂ ಯಾರು, ಹೆಚ್ಚುವರಿ ಯಾರು, ಖಾಸಗಿ ಯಾರು

ಬಿರುದಿನ ಕೊನೆಗೆ ‘ಎಕ್ಸ್‌ಟ್ರಾಆರ್ಡಿನರಿ’ ಅಂತ ಇದ್ದರೆ ಅಸಾಧಾರಣ ಪ್ರತಿಭೆ ಅಂತ ಅಂದುಕೊಳ್ಳಬೇಡಿ. ಕಾಯಂ ಪಟ್ಟಿಗೆ ಸೇರದ, ಸಮಾರಂಭಗಳಿಗಾಗಿ ನೇಮಿಸಿದ ಅಧಿಕಾರಿ ಅಂತಷ್ಟೆ. ಫಿಟ್ಜ್‌ಆಲನ್ ಪರ್ಸಿವಂಟ್ ಎಕ್ಸ್‌ಟ್ರಾಆರ್ಡಿನರಿ ಎಂಬ ಹುದ್ದೆ 1837ರದು. ವಿಕ್ಟೋರಿಯಾ ರಾಣಿಯ ಪಟ್ಟಾಭಿಷೇಕಕ್ಕೆ ಅಂತ ಹುಟ್ಟಿದ್ದು. ಇಂಥವರು ಕಾಲೇಜಿನ ಸಂಘದ ಸದಸ್ಯರಲ್ಲ. ಲಾಂಛನಕ್ಕೆ ಅರ್ಜಿ ಹಿಡಿದು ಇವರ ಹತ್ತಿರ ಹೋಗುವುದರಲ್ಲಿ ಅರ್ಥವಿಲ್ಲ.

ನಮ್ಮ ದೇಶಕ್ಕೂ ಇಂಥ ಒಂದು ಹುದ್ದೆಯ ನಂಟಿದೆ. 1911ರ ಡಿಸೆಂಬರ್ 12ರ ದೆಹಲಿ ದರ್ಬಾರಿಗಾಗಿ ‘ಡೆಲ್ಲಿ ಹೆರಾಲ್ಡ್ ಎಕ್ಸ್‌ಟ್ರಾಆರ್ಡಿನರಿ’ ಎಂಬ ಹುದ್ದೆ ಮಾಡಿ ಸೇನಾಧಿಕಾರಿ ವಿಲಿಯಂ ಪೇಟನ್‌ಗೆ ಕೊಟ್ಟರು. ಸಹಾಯಕ ಹೆರಾಲ್ಡ್ ಆಗಿದ್ದವರು ಪಂಜಾಬಿನ ಮಲಿಕ್ ಉಮರ್ ಹಯಾತ್ ಖಾನ್. ಇವರಿಬ್ಬರೂ ಪರ್ಸಿವಂಟ್ ಅಲ್ಲ, ಹೆರಾಲ್ಡ್ ದರ್ಜೆಯವರು.

ಖಾಸಗಿ ಪರ್ಸಿವಂಟ್ ಅಂತಲೂ ಇದ್ದಾರೆ, ಆದರೆ ಸ್ಕಾಟ್ಲೆಂಡಿನಲ್ಲಿ. ದೊರೆಯ ಬದಲು ಒಂದು ಮನೆತನದ ಮುಖ್ಯಸ್ಥರ ಸೇವೆ ಇವರ ಕೆಲಸ. ಎರಲ್ ಅರ್ಲ್‌ಗೆ (ಅರ್ಲ್ ಅಂದರೆ ಡ್ಯೂಕ್ ಥರದ್ದೇ ಒಂದು ಪದವಿ) ಸ್ಲೇನ್ಸ್ ಎಂಬ ಬಿರುದಿನ ಪರ್ಸಿವಂಟ್, ಕ್ರಾಫರ್ಡ್ ಅರ್ಲ್‌ಗೆ ಎಂಡ್ಯೂರ್, ಮಾರ್ ಮನೆತನಕ್ಕೆ ಗೀರಿ, ಡೊನಾಲ್ಡ್ ಕುಲಕ್ಕೆ ಫಿನ್‌ಲ್ಯಾಗನ್.

ಹಳೆಯ ಕಾಗದಗಳಲ್ಲಿ ಕಂಡಾಗ

ಇತಿಹಾಸದ ಪುಸ್ತಕದಲ್ಲಿ ‘ರೂಜ್ ಕ್ರ್ವಾ ಹೇಳಿದ’ ಅಂತ ಇದ್ದರೆ ಅದು ಒಬ್ಬ ಮನುಷ್ಯನ ಹೆಸರಲ್ಲ. ಯಾವ ವರ್ಷ ಅಂತ ನೋಡಿ, ಆ ವರ್ಷ ಆ ಹುದ್ದೆಯಲ್ಲಿ ಯಾರಿದ್ದರು ಅಂತ ಹುಡುಕಬೇಕು. ಒಬ್ಬನೇ ಮನುಷ್ಯ ಮೂರು ಬಿರುದಿನಲ್ಲಿ ಬರುವುದುಂಟು. ಆಂಥನಿ ವ್ಯಾಗ್ನರ್ 1931ರಲ್ಲಿ ಪೋರ್ಟ್‌ಕಲಿಸ್, 1943ರಲ್ಲಿ ರಿಚ್ಮಂಡ್, 1961ರಲ್ಲಿ ಗಾರ್ಟರ್ ಆದರು. ಈಚಿನ ಉದಾಹರಣೆ ಬೇಕಾದರೆ, 2022ರ ಸೆಪ್ಟೆಂಬರಿನಲ್ಲಿ ಸೇಂಟ್ ಜೇಮ್ಸ್ ಅರಮನೆಯ ಉಪ್ಪರಿಗೆಯಿಂದ ಹೊಸ ದೊರೆಯ ಘೋಷಣೆ ಓದಿದ ಗಾರ್ಟರ್ ಡೇವಿಡ್ ವೈಟ್. ಅವರು ಶುರು ಮಾಡಿದ್ದು 1995ರಲ್ಲಿ ರೂಜ್ ಕ್ರ್ವಾ ಆಗಿ. ಹಾಗಂತ ಬಡ್ತಿ ಖಚಿತ ಅಂತ ಏನೂ ಇಲ್ಲ. ಮೇಲಿನ ಜಾಗ ಖಾಲಿ ಆಗಬೇಕು.

ಹಿಂದೆ ಇವರ ಕೆಲಸ ಬರೀ ಮೆರವಣಿಗೆ ಆಗಿರಲಿಲ್ಲ. ಪ್ರಾಣಕ್ಕೂ ಅಪಾಯವಿತ್ತು. 1513ರಲ್ಲಿ ಫ್ಲಾಡನ್ ಕಾಳಗಕ್ಕೆ ಮುಂಚೆ ಇಂಗ್ಲಿಷ್ ಸೇನೆಯ ನಾಯಕ ಸರ್ರೆಯ ಅರ್ಲ್, ಸ್ಕಾಟ್ಲೆಂಡಿನ ನಾಲ್ಕನೇ ಜೇಮ್ಸ್ ದೊರೆಯ ಬಳಿಗೆ ಸಂದೇಶ ಕೊಟ್ಟು ಕಳಿಸಿದ್ದು ರೂಜ್ ಕ್ರ್ವಾನನ್ನು. ಆಗ ಆ ಹುದ್ದೆಯಲ್ಲಿದ್ದವನು ಥಾಮಸ್ ಹಾಲಿ. ಜೇಮ್ಸ್ ಅವನನ್ನು ತನ್ನಲ್ಲೇ ಇಟ್ಟುಕೊಂಡು, ಉತ್ತರವನ್ನು ತನ್ನ ಹೆರಾಲ್ಡ್ ಐಲಾ ಕೈಯಲ್ಲಿ ಕಳಿಸಿದ. ಸಂದೇಶ ತರುವವನ ಕಣ್ಣಿಗೆ ಪಾಳೆಯದ ಗುಟ್ಟೂ ಬೀಳುತ್ತದಲ್ವಾ? ಅದೇ ಭಯ ಎರಡೂ ಕಡೆ.

1530ರಿಂದ 1688ರ ತನಕ ಇನ್ನೊಂದು ಕೆಲಸ ಇತ್ತು, ಲಾಂಛನ ತಪಾಸಣೆ. ಅಧಿಕಾರಿಗಳು ಜಿಲ್ಲೆ ಜಿಲ್ಲೆ ಸುತ್ತಿ, ಯಾರು ಲಾಂಛನ ಬಳಸುತ್ತಿದ್ದಾರೆ, ಹಕ್ಕಿದೆಯಾ ಅಂತ ನೋಡಿ ವಂಶಾವಳಿ ಬರೆದುಕೊಳ್ಳುತ್ತಿದ್ದರು. ಹಕ್ಕಿಲ್ಲದವರ ಹೆಸರನ್ನು ಬಹಿರಂಗವಾಗಿ ಸಾರುತ್ತಿದ್ದರು. ಹಿರಿಯರ ಬದಲಿಗೆ ಹೆರಾಲ್ಡ್, ಪರ್ಸಿವಂಟ್‌ಗಳನ್ನು ಕಳಿಸುವುದು ಮಾಮೂಲು. ಹೀಗೆ ಊರೂರು ಸುತ್ತಿದವರಲ್ಲಿ ಗ್ರೆಗರಿ ಕಿಂಗ್ ಒಬ್ಬ. 1677ರಲ್ಲಿ ರೂಜ್ ಡ್ರಾಗನ್ ಆದವನು. ಆಮೇಲೆ ಇದೇ ಮನುಷ್ಯ ಇಂಗ್ಲೆಂಡ್, ವೇಲ್ಸ್ ಎರಡೂ ಸೇರಿದ ಜನಸಂಖ್ಯೆ ಸುಮಾರು 55 ಲಕ್ಷ ಅಂತ ಲೆಕ್ಕ ಹಾಕಿದ. ಜನಗಣತಿಯೇ ಇಲ್ಲದ 1690ರ ದಶಕದಲ್ಲಿ! ಇವತ್ತಿಗೂ ಸಂಖ್ಯಾಶಾಸ್ತ್ರದ ಇತಿಹಾಸ ಅವನನ್ನು ಬಿಟ್ಟು ಮುಂದೆ ಹೋಗುವುದಿಲ್ಲ.

ಒಂದು ಕಡೆ ಮಾತ್ರ ಹುಷಾರು. ಮೊದಲನೇ ಎಲಿಜಬೆತ್ ಕಾಲದ ಬರಹಗಳಲ್ಲಿ ಮನೆಗೆ ನುಗ್ಗಿ, ಗೋಡೆ ತಟ್ಟಿ, ಅಡಗಿದ್ದ ಕ್ಯಾಥೊಲಿಕ್ ಪಾದ್ರಿಗಳನ್ನು ಹಿಡಿಯುವ ಪರ್ಸಿವಂಟ್‌ಗಳು ಬರುತ್ತಾರೆ. ಅವರು ವಾರಂಟ್ ಹಿಡಿದು ಹೋಗುವ ಸರ್ಕಾರಿ ಆಳುಗಳು. ಲಾಂಛನಕ್ಕೂ ಅವರಿಗೂ ಸಂಬಂಧವಿಲ್ಲ.

ಅರ್ಜಿ ಹಾಕುವುದಾದರೆ

ಮೊದಲು ಅರ್ಹತೆ. ಕಾಲೇಜ್ ಆಫ್ ಆರ್ಮ್ಸ್ ವ್ಯಾಪ್ತಿ ಇಂಗ್ಲೆಂಡ್, ವೇಲ್ಸ್, ಉತ್ತರ ಐರ್ಲೆಂಡ್ ಮತ್ತು ಬ್ರಿಟಿಷ್ ದೊರೆಯೇ ಮುಖ್ಯಸ್ಥರಾಗಿರುವ ಇನ್ನು ಕೆಲವು ದೇಶಗಳು. ಭಾರತ ಗಣರಾಜ್ಯ. ಹಾಗಾಗಿ ಬೆಂಗಳೂರಲ್ಲಿ ಕೂತ ಭಾರತೀಯ ಪ್ರಜೆಗೆ ಇದು ದಾರಿಯಲ್ಲ. ಬ್ರಿಟಿಷ್ ಪೌರತ್ವ ಪಡೆದ ಕನ್ನಡಿಗರು ಕೇಳಬಹುದು. ಸ್ಕಾಟ್ಲೆಂಡಿನಲ್ಲಿ ಇರುವವರು ಎಡಿನ್‌ಬರೋದ ಲಾರ್ಡ್ ಲಯನ್ ನ್ಯಾಯಾಲಯಕ್ಕೆ ಹೋಗಬೇಕು. ಕೆನಡಾದವರಿಗೆ 1988ರಿಂದ ಅಲ್ಲಿನದೇ ಬೇರೆ ಸಂಸ್ಥೆ ಇದೆ. ಅಲ್ಲಿನ ಅಧಿಕಾರಿಗಳಿಗೆ ನದಿಗಳ ಹೆಸರಿಟ್ಟಿದ್ದಾರೆ, ಚೆನ್ನಾಗಿದೆ.

ಕಾಲೇಜಿಗೆ ಬರೆಯುವಾಗ ‘ಆಫೀಸರ್ ಇನ್ ವೇಟಿಂಗ್’ ಅಂತ ವಿಳಾಸ ಹಾಕಿ. ಹೊರಗಿನವರ ವಿಚಾರಣೆಗೆ ಅಧಿಕಾರಿಗಳು ಸರದಿ ಪ್ರಕಾರ ಕೂರುತ್ತಾರೆ. ಅವತ್ತಿನ ಸರದಿ ಪರ್ಸಿವಂಟಿನದೂ ಆಗಿರಬಹುದು. ಕಿರಿಯರು ಸಿಕ್ಕರು ಅಂತ ಬೇಸರ ಬೇಡ. ನಿಮ್ಮ ಕೆಲಸ ಹಿಡಿದುಕೊಂಡವರು ಕೊನೆತನಕ ನಿಮ್ಮವರೇ. ಇದನ್ನು ಕೋರ್ಟಿನ ಹಾಗೆ ಅರ್ಥ ಮಾಡಿಕೊಳ್ಳಿ: ಪರ್ಸಿವಂಟ್ ನಿಮ್ಮ ವಕೀಲರು, ಕಿಂಗ್ ಆಫ್ ಆರ್ಮ್ಸ್ ತೀರ್ಪು ಕೊಡುವವರು. ಲಾಂಛನ ಕೊಡುವ ಅಧಿಕಾರ ಪರ್ಸಿವಂಟಿಗೆ ಇಲ್ಲ. ‘ನಾನೇ ಮಂಜೂರು ಮಾಡಿಬಿಡುತ್ತೇನೆ’ ಅಂತ ಯಾರಾದರೂ ಹೇಳಿದರೆ ಅವರು ಈ ಕಟ್ಟಡದವರಲ್ಲ.

ಸಂಬೋಧನೆ ಬಗ್ಗೆ ತಲೆ ಕೆಡಿಸಿಕೊಳ್ಳುವವರು ಜಾಸ್ತಿ. ಒಳಗಿನವರು ಪರಸ್ಪರ ಬಿರುದಿನಿಂದಲೇ ಕರೆದುಕೊಳ್ಳುವುದುಂಟು. ಹೊರಗಿನ ನಾವು ವಿಳಾಸದಲ್ಲಿ ಹೆಸರು, ಅದಾದ ಮೇಲೆ ‘ಬ್ಲೂಮ್ಯಾಂಟಲ್ ಪರ್ಸಿವಂಟ್’ ಅಂತ ಬಿರುದು ಬರೆದು, ಒಳಗೆ ಮಿಸ್ಟರ್, ಮಿಸ್ ಅಥವಾ ಡಾಕ್ಟರ್ ಅಂದರೆ ಸಾಕು. ‘ಸರ್’ ಅನ್ನುವುದು ನೈಟ್ ಪದವಿ ಇದ್ದರೆ ಮಾತ್ರ ಹೆಸರಿಗಿಂತ ಮೊದಲು ಬರುತ್ತದೆ. ನಮ್ಮ ಅಭ್ಯಾಸದಂತೆ ಎಲ್ಲರಿಗೂ ಹೆಸರಿನ ಜೊತೆ ಸರ್ ಸೇರಿಸಿದರೆ ಅಲ್ಲಿ ಅರ್ಥವೇ ಬೇರೆ.

ಜೊತೆಗೆ ನಿಮ್ಮ ಬಯೋಡೇಟಾ ಕಳಿಸಿ. ಓದು, ಉದ್ಯೋಗ, ಸಮಾಜಸೇವೆ, ಪ್ರಶಸ್ತಿ ಇವೆಲ್ಲ ನೋಡುತ್ತಾರೆ. ಇಷ್ಟೇ ಬೇಕು ಎಂಬ ಗೆರೆ ಹಾಕಿಲ್ಲ. ಸರಿ ಅನಿಸಿದರೆ ಅಧಿಕಾರಿ ನಿಮ್ಮ ಪರವಾಗಿ ಅರ್ಲ್ ಮಾರ್ಷಲ್‌ಗೆ ಮನವಿ ಬರೆಯುತ್ತಾರೆ. ಅವರ ಒಪ್ಪಿಗೆ ಬಂದಮೇಲೆ ವಿನ್ಯಾಸದ ಮಾತು. ಇಲ್ಲಿ ನಿಮ್ಮ ಇಷ್ಟ ಬಾಯಿಬಿಟ್ಟು ಹೇಳಿ. ಆನೆ, ನವಿಲು, ಕಾಫಿ ಗಿಡ, ಏನಾದರೂ ಸರಿ. ಗಂಡಭೇರುಂಡ ಬೇಕು ಅನಿಸುವುದು ಸಹಜ. ಆದರೆ ಮೈಸೂರು ಅರಸರದೋ ಕರ್ನಾಟಕ ಸರ್ಕಾರದ್ದೋ ಲಾಂಛನವನ್ನು ಇದ್ದ ಹಾಗೇ ಎತ್ತಿಕೊಂಡು ಹೋಗಬೇಡಿ. ಹಳೆಯ ದಾಖಲೆಗಳಲ್ಲಿರುವ ಯಾವುದಕ್ಕೂ ಹೋಲದಂತೆ ವಿನ್ಯಾಸ ಮಾಡುವುದೇ ಆ ಅಧಿಕಾರಿಯ ಮುಖ್ಯ ಕಸುಬು. ಕೊನೆಗೆ ಚರ್ಮದ ಹಾಳೆಯ ಮೇಲೆ ಕೈಯಿಂದ ಬಣ್ಣ ಹಾಕಿ, ಬರೆದು, ಕಿಂಗ್ ಆಫ್ ಆರ್ಮ್ಸ್ ಸಹಿ ಮಾಡಿ, ಮೊಹರು ತೂಗುಬಿಟ್ಟು ಕೊಡುತ್ತಾರೆ.

ಒಂದು ಮೋಸ ತುಂಬಾ ಸಾಮಾನ್ಯ. ‘ನಿಮ್ಮ ಅಡ್ಡಹೆಸರಿನ ಕುಲಲಾಂಛನ’ ಅಂತ ಮಗ್ಗು, ಫ್ರೇಮು ಮಾರುವ ಅಂಗಡಿಗಳಿವೆ. ಇಂಗ್ಲೆಂಡಿನ ಪದ್ಧತಿಯಲ್ಲಿ ಅಡ್ಡಹೆಸರಿಗೆ ಲಾಂಛನ ಅನ್ನುವುದೇ ಇಲ್ಲ. ಒಬ್ಬ ವ್ಯಕ್ತಿಗೆ ಕೊಡುತ್ತಾರೆ, ಅವರ ಸಂತತಿಗೆ ಇಳಿಯುತ್ತದೆ. ಸ್ಕಾಟ್ಲೆಂಡಿನಲ್ಲಂತೂ ಬೇರೆಯವರ ಲಾಂಛನ ಬಳಸುವುದು ಅಪರಾಧ. ಲಾರ್ಡ್ ಲಯನ್ ನಿಜವಾದ ನ್ಯಾಯಾಧೀಶರು. ಇಂಗ್ಲೆಂಡಿನ ಇಂಥದ್ದೇ ನ್ಯಾಯಾಲಯ ಇನ್ನೂರು ವರ್ಷಕ್ಕೂ ಹೆಚ್ಚು ಕಾಲದ ನಂತರ 1954ರಲ್ಲಿ ಒಮ್ಮೆ ಕೂತಿತ್ತು. ಮ್ಯಾಂಚೆಸ್ಟರ್ ನಗರಸಭೆಯ ಲಾಂಛನವನ್ನು ಒಂದು ನಾಟಕಶಾಲೆ ಬಳಸಿತು ಅಂತ.

ದುಡ್ಡು ಕಟ್ಟುವ ಮುಂಚೆ ಮೂರು ಪ್ರಶ್ನೆ ಕೇಳಿ. ಮಂಜೂರಾತಿಯ ನಿಗದಿ ಶುಲ್ಕ ಎಷ್ಟು? ವಂಶಾವಳಿ ಹುಡುಕಾಟಕ್ಕೆ ಬೇರೆ ಫೀಸು ಇದೆಯಾ, ಇದ್ದರೆ ಗಂಟೆ ಲೆಕ್ಕವಾ, ಒಟ್ಟು ಲೆಕ್ಕವಾ? ಮನವಿ ಒಪ್ಪಿಗೆ ಆಗದಿದ್ದರೆ ಎಷ್ಟು ವಾಪಸ್ ಬರುತ್ತದೆ? ಮೊದಲನೆಯದು ಕಾಲೇಜಿನ ವೆಬ್‌ಸೈಟಿನಲ್ಲೇ ಇರುತ್ತದೆ. ಉಳಿದೆರಡನ್ನು ನಿಮ್ಮ ಅಧಿಕಾರಿಯಿಂದ ಬರವಣಿಗೆಯಲ್ಲಿ ತೆಗೆದುಕೊಳ್ಳಿ.